ಲೋಹ ಕಳೆದುಕೊಂಡ ಟ್ರಕ್ಕಿಗೆ ಸಿಬಿ ಆಂಟೆನಾ

ಅಮೆರಿಕದ ಹೆದ್ದಾರಿಗಳಲ್ಲಿ ಹದಿನೆಂಟು ಚಕ್ರದ ಸೆಮಿ ಟ್ರಕ್ ಓಡಿಸುವವರು ಹಳೆಯ ಗಾಡಿ ಬಿಟ್ಟು ಹೊಸದಕ್ಕೆ ಬಂದಾಗ ಒಂದು ವಿಚಿತ್ರ ತೊಂದರೆ ಎದುರಾಗುತ್ತದೆ. ಹಳೆಯ ಟ್ರಕ್ಕಿನಲ್ಲಿ ಏಳೆಂಟು ಕಿಲೋಮೀಟರ್ ದೂರದವರ ಜೊತೆ ಸಲೀಸಾಗಿ ಮಾತಾಡಲು ಆಗುತ್ತಿದ್ದ ಸಿಬಿ ರೇಡಿಯೊ, ಹೊಸ ಟ್ರಕ್ಕಿಗೆ ಬಂದ ಮೇಲೆ ಕಣ್ಣಳತೆಯಲ್ಲೇ ಇರುವ ಗಾಡಿಗೂ ಸರಿಯಾಗಿ ಮುಟ್ಟುವುದಿಲ್ಲ. ಅತ್ತಲಿಂದ ಬರುವ ದನಿಯೂ ಗೊರಗೊರ ಸದ್ದಿನಲ್ಲಿ ಮುಳುಗಿರುತ್ತದೆ. ರೇಡಿಯೊ ಅದೇ, ಆಂಟೆನಾ ಅದೇ, ಮಾತಾಡುವವನೂ ಅವನೇ. ಆಗ ಮೊದಲು ಅನುಮಾನ ಬೀಳುವುದು ರೇಡಿಯೊ ಮೇಲೆ. ಇನ್ನೂ ದುಬಾರಿ ಸೆಟ್ಟು ಕೊಳ್ಳುತ್ತಾರೆ, ಇನ್ನೂ ಉದ್ದದ ಆಂಟೆನಾ ಕೊಳ್ಳುತ್ತಾರೆ, ಕೊನೆಗೆ ಕಾನೂನು ಒಪ್ಪದ ಆಂಪ್ಲಿಫೈಯರ್ ಕೂಡ ಕೊಳ್ಳುತ್ತಾರೆ. ನನ್ನ ವಾದ ಇಷ್ಟೇ: ಬಹುಪಾಲು ಸಂದರ್ಭಗಳಲ್ಲಿ ದೋಷ ಇರುವುದು ಟ್ರಕ್ಕಿನ ಮೈಯಲ್ಲಿ. ಮೊದಲು ಆಂಟೆನಾಕ್ಕೆ ಆಸರೆಯಾಗಿದ್ದ ಲೋಹ ಈಗ ಅಲ್ಲಿಲ್ಲ. ಆ ಲೋಹವನ್ನು ಮತ್ತೆ ಆಂಟೆನಾದ ಬುಡಕ್ಕೆ ಜೋಡಿಸಿಕೊಡದೆ ಬೇರೆ ಯಾವುದಕ್ಕೆ ದುಡ್ಡು ಸುರಿದರೂ ಫಲ ಅಲ್ಪ.

ನಮ್ಮಲ್ಲಿ ಸಿಬಿ ರೇಡಿಯೊ ಲಾರಿಯವರ ಬದುಕಿನೊಳಗೆ ಬರಲೇ ಇಲ್ಲವಾದ್ದರಿಂದ ಅದು ಏನೆಂದು ಸ್ವಲ್ಪ ಹೇಳಬೇಕು. ಸಿಟಿಜನ್ಸ್ ಬ್ಯಾಂಡ್ ಎಂಬುದು ಸಾಮಾನ್ಯ ಜನರು ಮಾತಾಡಿಕೊಳ್ಳಲೆಂದೇ ಬಿಟ್ಟುಕೊಟ್ಟ ರೇಡಿಯೊ ತರಂಗಗಳ ಒಂದು ಪಟ್ಟಿ. ಭಾರತದಲ್ಲೂ 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಪರವಾನಗಿ ಇಲ್ಲದೆ 5 ವಾಟ್‌ವರೆಗಿನ ಸೆಟ್ಟು ಬಳಸಲು 2005ರ ನಿಯಮ ಅವಕಾಶ ಕೊಡುತ್ತದೆ, ಆದರೆ ಆಂಟೆನಾ ಸೆಟ್ಟಿಗೇ ಅಂಟಿಕೊಂಡಿರಬೇಕು. ಗಾಡಿಯ ಹೊರಗೆ ಕೋಲು ನೆಡುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ 1958ರಲ್ಲಿ 27 ಮೆಗಾಹರ್ಟ್ಸ್ ಪಟ್ಟಿಯನ್ನು ಜನರಿಗೆ ತೆರೆಯಿತು. 1973ರ ತೈಲ ಬಿಕ್ಕಟ್ಟು ಬಂದು ಡೀಸೆಲ್ ಸಿಗದಂತಾದಾಗ, ದೇಶವಿಡೀ ಗಂಟೆಗೆ 55 ಮೈಲಿಯ, ಅಂದರೆ 88 ಕಿಲೋಮೀಟರಿನ ವೇಗಮಿತಿ ಹೇರಿದಾಗ, ಯಾವ ಬಂಕಿನಲ್ಲಿ ಡೀಸೆಲ್ ಇದೆ, ಯಾವ ತಿರುವಿನಲ್ಲಿ ಪೊಲೀಸರಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಟ್ರಕ್ಕಿನವರು ಸಿಬಿಗೆ ಮುಗಿಬಿದ್ದರು. 1975ರಲ್ಲಿ ಅದರ ಮೇಲೊಂದು ಹಾಡು ಬಂದು ದೇಶದ ಬಾಯಲ್ಲೆಲ್ಲ ಹರಿದಾಡಿತು. 23 ಇದ್ದ ಚಾನೆಲ್‌ಗಳು 1977ರಲ್ಲಿ 40 ಆದವು, 1983ರಲ್ಲಿ ಲೈಸೆನ್ಸಿನ ಅಗತ್ಯವೂ ಹೋಯಿತು. ಇಂದಿಗೂ 19ನೇ ಚಾನೆಲ್ ಹೆದ್ದಾರಿಯವರದು, 9ನೇದು ತುರ್ತು ಕರೆಗಳದು. ಎಎಂ ವಿಧಾನದಲ್ಲಿ ಹೊರಹಾಕಬಹುದಾದ ಶಕ್ತಿ ಬರೀ 4 ವಾಟ್. ಈ 4 ವಾಟ್ ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಇಷ್ಟು ಅಲ್ಪ ಶಕ್ತಿಯಲ್ಲಿ ಕೆಲಸ ನಡೆಯಬೇಕಾದರೆ ಪೋಲು ಮಾಡಲು ಏನೂ ಉಳಿದಿರುವುದಿಲ್ಲ.

ಸಿಬಿ ತರಂಗದ ಉದ್ದ ಸುಮಾರು 11 ಮೀಟರ್. ಒಂದು ನೇರ ಕೋಲು ಚೆನ್ನಾಗಿ ತರಂಗ ಹೊರಡಿಸಬೇಕೆಂದರೆ ಅದು ಈ ಉದ್ದದ ಕಾಲುಭಾಗವಾದರೂ ಇರಬೇಕು, ಅಂದರೆ ಸುಮಾರು 2.7 ಮೀಟರ್. ಆದರೆ ಕೋಲು ಆಂಟೆನಾದ ಅರ್ಧ ಮಾತ್ರ. ಬ್ಯಾಟರಿಯಿಂದ ಒಂದೇ ತಂತಿ ಎಳೆದರೆ ಬಲ್ಬು ಹೇಗೆ ಹೊತ್ತಿಕೊಳ್ಳುವುದಿಲ್ಲವೋ ಹಾಗೆಯೇ ಇಲ್ಲಿಯೂ ವಿದ್ಯುತ್ತಿಗೆ ಮರಳುವ ದಾರಿ ಬೇಕು. ಕೋಲಿನೊಳಗೆ ಮೇಲಕ್ಕೆ ಹರಿಯುವ ಪ್ರತಿಯೊಂದು ಪ್ರವಾಹಕ್ಕೂ ಸರಿಸಮನಾದ ಪ್ರವಾಹ ಅದರ ಬುಡದ ಲೋಹದಲ್ಲಿ ಹರಿಯಬೇಕು. ರೇಡಿಯೊ ಬಲ್ಲವರು ಇದನ್ನು ಗ್ರೌಂಡ್ ಪ್ಲೇನ್ ಎನ್ನುತ್ತಾರೆ. ಗಾಡಿಯಲ್ಲಿ ಆ ಕೆಲಸ ಮಾಡುವುದು ಕ್ಯಾಬಿನ್, ಬಾನೆಟ್, ಚಾಸಿ. 1970ರ ದಶಕದ ಟ್ರಕ್ಕಿನಲ್ಲಿ ಇದಕ್ಕೆ ಯಾರೂ ತಲೆಕೆಡಿಸಿಕೊಳ್ಳಬೇಕಿರಲಿಲ್ಲ. ಬಾಗಿಲ ಪಕ್ಕ ದಪ್ಪ ಪೈಪಿನ ಚೌಕಟ್ಟಿನಲ್ಲಿ ಉದ್ದನೆಯ ಕನ್ನಡಿ ನಿಂತಿರುತ್ತಿತ್ತು, ಆ ಚೌಕಟ್ಟು ಲೋಹದ ಬಾಗಿಲಿಗೆ, ಬಾಗಿಲು ಲೋಹದ ಕ್ಯಾಬಿನ್ನಿಗೆ ಬಿಗಿದಿರುತ್ತಿತ್ತು. ಕನ್ನಡಿಯ ಪೈಪಿಗೆ ಒಂದು ಬ್ರಾಕೆಟ್ ಕಚ್ಚಿಸಿ ಕೋಲು ನೆಟ್ಟರೆ ಕೆಲಸ ಮುಗಿಯಿತು. ಲೋಹ ತಾನಾಗಿಯೇ ಒದಗಿಬರುತ್ತಿತ್ತು.

ಅದನ್ನು ಕಸಿದದ್ದು ಗಾಳಿ. ಹೆದ್ದಾರಿಯ ವೇಗದಲ್ಲಿ ಟ್ರಕ್ಕು ಸುಡುವ ಡೀಸೆಲ್‌ನ ದೊಡ್ಡ ಪಾಲು ಎದುರುಗಾಳಿಯನ್ನು ಸೀಳಲೆಂದೇ ಖರ್ಚಾಗುತ್ತದೆ. 1985ರಲ್ಲಿ ಕೆನ್‌ವರ್ತ್ ಕಂಪನಿ ಟಿ600 ಎಂಬ ಇಳಿಜಾರು ಮೂತಿಯ ಟ್ರಕ್ ತಂದಾಗ ಚೌಕ ಮೂತಿಗೆ ಒಗ್ಗಿದ್ದ ಡ್ರೈವರ್‌ಗಳು ಅದನ್ನು ಇರುವೆಭಕ್ಷಕ ಎಂದು ಹಂಗಿಸಿದರು. ಆದರೆ ಡೀಸೆಲ್ ಉಳಿಯುವುದನ್ನು ಕಂಡ ಮಾಲೀಕರು ಕೊಂಡರು, ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. 2011ರಲ್ಲಿ ಮತ್ತು 2016ರಲ್ಲಿ ಅಮೆರಿಕ ಸರ್ಕಾರ ಭಾರಿ ವಾಹನಗಳ ಇಂಗಾಲ ಹೊರಸೂಸುವಿಕೆಗೆ ಮಿತಿ ಹಾಕಿದ ಮೇಲಂತೂ ಗಾಳಿಗೆ ಒಗ್ಗುವ ಮೈ ಅನಿವಾರ್ಯವಾಯಿತು. ಬಾನೆಟ್ ಫೈಬರ್‌ಗ್ಲಾಸ್ ಅಥವಾ ಪ್ಲಾಸ್ಟಿಕ್ ಮಿಶ್ರಣದ್ದಾಯಿತು. ಚಾವಣಿಯ ಮೇಲೆ, ಮಲಗುವ ಕೋಣೆಯ ಪಕ್ಕಗಳಲ್ಲಿ ಗಾಳಿ ಜಾರಿಸುವ ಪ್ಲಾಸ್ಟಿಕ್ ಹೊದಿಕೆಗಳು ಬಂದವು. ಫ್ರೈಟ್‌ಲೈನರ್ ಕ್ಯಾಸ್ಕೇಡಿಯಾ, ಕೆನ್‌ವರ್ತ್ ಟಿ680ಗಳ ಕ್ಯಾಬಿನ್ ಅಲ್ಯುಮಿನಿಯಂನದು. ಅದು ಒಳ್ಳೆಯ ವಾಹಕವೇನೋ ಹೌದು, ಆದರೆ ಅಯಸ್ಕಾಂತದ ಬುಡದ ಆಂಟೆನಾ ಅದಕ್ಕೆ ಅಂಟುವುದಿಲ್ಲ, ಗಾಳಿಗೊಡ್ಡಿದ ಅಲ್ಯುಮಿನಿಯಂ ಮೇಲೆ ಕೂಡಲೇ ಕಟ್ಟಿಕೊಳ್ಳುವ ಆಕ್ಸೈಡ್ ಪೊರೆ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಕನ್ನಡಿಗಳು ಪ್ಲಾಸ್ಟಿಕ್ ಚಿಪ್ಪಿನೊಳಗೆ ಸೇರಿದವು. ಕನ್ನಡಿಯ ಜಾಗದಲ್ಲಿ ಕ್ಯಾಮೆರಾ ಇಡುವ ಏರ್ಪಾಡಿಗೂ 2019ರ ಹೊತ್ತಿಗೆ ವಿನಾಯಿತಿ ಸಿಕ್ಕಿತು. ಡೀಸೆಲ್ ಉಳಿಸಿದ ಈ ಬದಲಾವಣೆಗಳನ್ನು ನಾನು ದೂರುತ್ತಿಲ್ಲ; ಆಗಬೇಕಾದದ್ದೇ ಆಯಿತು. ಆದರೆ ಆಂಟೆನಾ ನೆಡುವ ಜಾಗವನ್ನು ವಿನ್ಯಾಸ ಮಾಡುವವರು ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟುಬಿಟ್ಟರು.

ಲೋಹ ಕಡಿಮೆಯಾದರೆ ಅಷ್ಟೊಂದು ನಷ್ಟವೇ ಎಂದು ಯಾರಾದರೂ ಕೇಳಬಹುದು. ಕಾರಿನಲ್ಲಾದರೆ ಇಷ್ಟು ಆಗಲಿಕ್ಕಿಲ್ಲ, ಟ್ರಕ್ಕಿನಲ್ಲಿ ಆಗುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ವಾಹನದ ಎತ್ತರ 13 ಅಡಿ 6 ಅಂಗುಲ, ಅಂದರೆ 4.11 ಮೀಟರ್ ಮೀರುವಂತಿಲ್ಲ. ಟ್ರೇಲರ್ ಪೆಟ್ಟಿಗೆಯೇ ಆ ಎತ್ತರ ಇರುತ್ತದೆ. ಎರಡೂವರೆ ಮೀಟರ್ ಎತ್ತರದ ಕನ್ನಡಿಯ ಮೇಲೆ ಪೂರ್ಣ ಉದ್ದದ ಕೋಲು ನೆಟ್ಟರೆ ಮೊದಲ ಸೇತುವೆಗೇ ಬಡಿಯುತ್ತದೆ. ಹಾಗಾಗಿ 1.2 ಮೀಟರ್, ಅಂದರೆ ನಾಲ್ಕಡಿಯ ಫೈಬರ್‌ಗ್ಲಾಸ್ ಕೋಲಿಗೆ ತಾಮ್ರದ ತಂತಿ ಸುತ್ತಿ, ವಿದ್ಯುತ್ತಿನ ಲೆಕ್ಕದಲ್ಲಿ ಮಾತ್ರ ಅದನ್ನು ಉದ್ದ ಮಾಡುತ್ತಾರೆ. ಇಲ್ಲಿಯೇ ಗುಟ್ಟಿರುವುದು. ಪೂರ್ಣ ಕಾಲುತರಂಗದ ಕೋಲು ತರಂಗವಾಗಿ ಹೊರಚೆಲ್ಲುವ ಶಕ್ತಿಯನ್ನು ರೋಧದ ಲೆಕ್ಕದಲ್ಲಿ ಹೇಳುವುದಾದರೆ ಅದು 36 ಓಮ್. ಕೋಲು ಅರ್ಧಕ್ಕಿಂತ ಗಿಡ್ಡವಾದಾಗ ಅದು ಹತ್ತು ಓಮ್‌ನ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಸುರುಳಿಯಲ್ಲಿ, ಸಡಿಲ ಜೋಡಣೆಯಲ್ಲಿ, ಸಾಲದ ಗ್ರೌಂಡಿನಲ್ಲಿ ಬಿಸಿಯಾಗಿ ಹೋಗುವ ಶಕ್ತಿಯದ್ದೂ ಹೀಗೇ ಒಂದು ರೋಧ. ಅದು 20 ಓಮ್ ಎಂದುಕೊಳ್ಳಿ. 36ರ ಎದುರು 20 ಇದ್ದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಗಾಳಿಗೆ ಹೋಗುತ್ತದೆ. 10ರ ಎದುರು 20 ಇದ್ದರೆ ಮೂರರಲ್ಲಿ ಎರಡು ಪಾಲು ಬಿಸಿಯಾಗಿ ಸಾಯುತ್ತದೆ. ಕೋಲು ಗಿಡ್ಡವಾದಷ್ಟೂ ಬುಡದ ಲೋಹ ಹೆಚ್ಚು ಮುಖ್ಯವಾಗುತ್ತದೆ. ಹೊಸ ಟ್ರಕ್ಕಿನಲ್ಲಿ ಕೋಲಂತೂ ಗಿಡ್ಡ, ಲೋಹವೂ ಇಲ್ಲ.

ಇದನ್ನು ಕಂಡುಹಿಡಿಯಲು ಮೀಟರ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಎಸ್‌ಡಬ್ಲ್ಯುಆರ್ ಮೀಟರ್. ರೇಡಿಯೊದಿಂದ ಹೋದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ವಾಪಸು ಬರುತ್ತಿದೆ ಎಂದು ಅದು ಹೇಳುತ್ತದೆ. ಅಂಕಿ 1.5 ಇದ್ದರೆ ನೂರಕ್ಕೆ 4 ಪಾಲು ವಾಪಸು. 3 ಆದರೆ ನೂರಕ್ಕೆ 25 ಪಾಲು, ರೇಡಿಯೊದ ಟ್ರಾನ್ಸಿಸ್ಟರ್‌ಗಳಿಗೂ ಅಪಾಯ. 1ನೇ, 19ನೇ, 40ನೇ ಚಾನೆಲ್‌ಗಳಲ್ಲಿ ಅಳೆದು, 1ರಲ್ಲಿ ಹೆಚ್ಚಿದ್ದರೆ ಕೋಲು ಗಿಡ್ಡವೆಂದು ತುದಿಯ ತಿರುಪು ಎತ್ತುತ್ತಾರೆ, 40ರಲ್ಲಿ ಹೆಚ್ಚಿದ್ದರೆ ಇಳಿಸುತ್ತಾರೆ. ಮೂರೂ ಕಡೆ ಹೆಚ್ಚಿದ್ದರೆ ಗ್ರೌಂಡಿನಲ್ಲೋ ಜೋಡಣೆಯಲ್ಲೋ ಎಡವಟ್ಟಿದೆ ಎಂದೇ ಅರ್ಥ. ಇಷ್ಟಕ್ಕೆ ಮೀಟರ್ ಬೇಕೇ ಬೇಕು. ಆದರೆ ಅಂಕಿ ಕಡಿಮೆ ಬಂದ ಮಾತ್ರಕ್ಕೆ ಆಂಟೆನಾ ಚೆನ್ನಾಗಿದೆ ಎಂದು ತಿಳಿಯುವುದು ತಪ್ಪು. ರೇಡಿಯೊ ರಿಪೇರಿ ಅಂಗಡಿಗಳಲ್ಲಿ ಡಮ್ಮಿ ಲೋಡ್ ಎಂಬ 50 ಓಮ್‌ನ ರೆಸಿಸ್ಟರ್ ಇರುತ್ತದೆ. ಅದನ್ನು ಜೋಡಿಸಿದರೆ ಮೀಟರ್ 1 ಎಂದು ತೋರಿಸುತ್ತದೆ. ಹೊರಗೆ ಮಾತ್ರ ಒಂದು ಸೊಲ್ಲೂ ಹೋಗುವುದಿಲ್ಲ. ಗಿಡ್ಡ ಕೋಲಿನ 8 ಓಮ್‌ಗೆ ಕೆಟ್ಟ ಗ್ರೌಂಡಿನ 42 ಓಮ್ ಸೇರಿಕೊಂಡರೂ ಮೀಟರಿಗೆ ಕಾಣುವುದು ಸೊಗಸಾದ 50. ಮೀಟರನ್ನಷ್ಟೇ ನಂಬಿ ಕುಳಿತವರಿಗೆ ತಮ್ಮ ನಾಲ್ಕು ವಾಟ್‌ನಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಬಾನೆಟ್ಟಿನ ಬಳಿಯೇ ಬಿಸಿಯಾಗಿ ಕರಗಿತೆಂದು ಗೊತ್ತಾಗುವುದೇ ಇಲ್ಲ. ಜೊತೆಗೆ ಇನ್ನೊಂದು ತೊಂದರೆಯಿದೆ. ಬುಡದಲ್ಲಿ ಲೋಹ ಸಿಗದ ಪ್ರವಾಹ ಸುಮ್ಮನಿರುವುದಿಲ್ಲ, ಕೇಬಲ್ಲಿನ ಹೊರಮೈ ಹಿಡಿದು ಕ್ಯಾಬಿನ್ನಿನೊಳಕ್ಕೆ ಬರುತ್ತದೆ. ಅದೇ ದಾರಿಯಲ್ಲಿ ಎಲ್‌ಇಡಿ ದೀಪ, ಇನ್ವರ್ಟರ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗಳ ಗದ್ದಲ ರೇಡಿಯೊದೊಳಗೆ ನುಗ್ಗುತ್ತದೆ. ಮೊದಲಿಗೆ ಹೇಳಿದ ಗೊರಗೊರ ಸದ್ದಿಗೆ ಮುಖ್ಯ ಕಾರಣಗಳಲ್ಲಿ ಇದೊಂದು.

ಹಾಗಾದರೆ ಮಾಡಬೇಕಾದದ್ದು ಏನು? ಬ್ರಾಕೆಟ್ಟನ್ನು ಹತ್ತಿರದಿಂದ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕೋಲು ಕೂರುವ ಬೋಲ್ಟಿಗೆ ಸ್ಟಡ್ ಎನ್ನುತ್ತಾರೆ. ಕೇಬಲ್ಲಿನ ಒಳತಂತಿ ಆ ಸ್ಟಡ್ಡಿಗೆ ಸೇರಬೇಕು, ಹೊರಗಿನ ಜಾಲರಿ ಬ್ರಾಕೆಟ್ಟಿಗೆ ಸೇರಬೇಕು. ಇವೆರಡೂ ಒಂದಕ್ಕೊಂದು ತಾಗದಂತೆ ನಡುವೆ ಕಾಯುವುದು ಒಂದು ಪುಟ್ಟ ನೈಲಾನ್ ವಾಷರ್. ಅದರ ಒಂದು ಬದಿಯಲ್ಲಿ ಉಬ್ಬಿದ ಅಂಚಿರುತ್ತದೆ; ಆ ಅಂಚು ಬ್ರಾಕೆಟ್ಟಿನ ರಂಧ್ರದೊಳಗೆ ಸರಿಯಾಗಿ ಇಳಿದು ಕೂರಬೇಕು. ತಿರುವುಮುರುವಾಗಿ ಹಾಕಿದರೆ, ಅಥವಾ ವರ್ಷಗಟ್ಟಲೆ ಅಲುಗಾಡಿ ಅದು ಒಡೆದರೆ, ಸ್ಟಡ್ ಬ್ರಾಕೆಟ್ಟಿಗೆ ತಾಗಿ ಇಡೀ ಆಂಟೆನಾ ಶಾರ್ಟ್ ಆಗುತ್ತದೆ. ಕೆಲವೇ ರೂಪಾಯಿ ಬೆಲೆಯ ಈ ವಾಷರ್ ನೋಡದೆ ರೇಡಿಯೊ ಬದಲಿಸುವುದು ವ್ಯರ್ಥ. ಇನ್ನರ್ಧ ಉತ್ತರ ಬ್ರಾಕೆಟ್ಟಿನ ಹಿಂಬದಿಯಲ್ಲಿದೆ. ಬ್ರಾಕೆಟ್ ಕೂತ ಜಾಗದಲ್ಲಿ ಬಣ್ಣವಿದ್ದರೆ, ತುಕ್ಕಿದ್ದರೆ, ಪ್ಲಾಸ್ಟಿಕ್ ಇದ್ದರೆ ಅದು ನೋಡಲು ಬಿಗಿಯಾಗಿದ್ದರೂ ವಿದ್ಯುತ್ತಿನ ಲೆಕ್ಕದಲ್ಲಿ ಗಾಳಿಯಲ್ಲೇ ತೂಗುತ್ತಿರುತ್ತದೆ. ಎಮರಿ ಪೇಪರಿನಿಂದ ಬಣ್ಣ ಕೆರೆದು ಬರೀ ಲೋಹ ಕಾಣುವಂತೆ ಮಾಡಬೇಕು, ಹಲ್ಲಿರುವ ವಾಷರ್ ಹಾಕಿ ಬಿಗಿಯಬೇಕು, ಆಮೇಲೆ ನೀರು ಸೇರದಂತೆ ಮುಚ್ಚಬೇಕು. ಕೋಲು ತೆಗೆದಿಟ್ಟು, ಕೇಬಲ್ಲನ್ನು ರೇಡಿಯೊದಿಂದ ಬಿಚ್ಚಿ, ಮಲ್ಟಿಮೀಟರಿನ ಒಂದು ಮೊನೆ ಬ್ರಾಕೆಟ್ಟಿಗೆ, ಇನ್ನೊಂದು ಬ್ಯಾಟರಿಯ ಋಣ ತುದಿಗೆ ಇಟ್ಟರೆ ರೋಧ ಒಂದು ಓಮ್‌ಗಿಂತ ಕೆಳಗಿರಬೇಕು. ಸ್ಟಡ್ಡಿಗೂ ಬ್ರಾಕೆಟ್ಟಿಗೂ ನಡುವೆ ಸಂಪರ್ಕವೇ ಇರಬಾರದು. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಮುಂದೆ ಹೆಜ್ಜೆ ಇಡಲೇಬಾರದು.

ಬಾಗಿಲಿಗೂ ಕ್ಯಾಬಿನ್ನಿಗೂ ನಡುವಿನ ಸಂಪರ್ಕ ಕೀಲುಗಳದು. ಕೀಲಿನಲ್ಲಿ ಗ್ರೀಸ್ ಇರುತ್ತದೆ, ಬಣ್ಣ ಇರುತ್ತದೆ. ಅದಕ್ಕೇ ತಾಮ್ರದ ಹೆಣೆದ ಚಪ್ಪಟೆ ಪಟ್ಟಿಯಿಂದ ಬ್ರಾಕೆಟ್ಟನ್ನು ಬಾಗಿಲಿಗೆ, ಬಾಗಿಲನ್ನು ಕ್ಯಾಬಿನ್ನಿಗೆ, ಕ್ಯಾಬಿನ್ನನ್ನು ಚಾಸಿಗೆ ಕಟ್ಟುವುದು. ಪಟ್ಟಿ ಅಗಲವಿರಬೇಕು, ಗಿಡ್ಡವಿರಬೇಕು. ರೇಡಿಯೊ ಆವರ್ತನದ ಪ್ರವಾಹ ಲೋಹದ ಮೈಮೇಲಷ್ಟೇ ಹರಿಯುವುದರಿಂದ ತೆಳ್ಳಗಿನ ಉದ್ದ ವೈರು ಬ್ಯಾಟರಿ ಪ್ರವಾಹಕ್ಕೆ ಸಾಕಾದರೂ ಇದಕ್ಕೆ ಸಾಲದು. ಹೀಗೆ ಕಟ್ಟಿದರೆ ಮಾಯವಾದ ಲೋಹವೆಲ್ಲ ಮರಳಿ ಬಂತೆಂದಲ್ಲ. ಇರುವ ಲೋಹದ ತುಂಡುಗಳೆಲ್ಲ ಸೇರಿ ಒಂದೇ ಹಾಳೆಯಂತೆ ವರ್ತಿಸುತ್ತವೆ, ಅಷ್ಟೇ. ಆದರೆ ವ್ಯತ್ಯಾಸ ಕಿವಿಗೆ ತಿಳಿಯುವಷ್ಟು ಇರುತ್ತದೆ. ಜಾಗ ಆರಿಸುವಾಗ ಕೋಲಿನ ಮೇಲರ್ಧವಾದರೂ ಕ್ಯಾಬಿನ್ನಿನ ಚಾವಣಿಯಿಂದ ಮೇಲಿರಲಿ. ಲೋಹದ ಗೋಡೆಗೆ ಒತ್ತಿ ನಿಂತ ಕೋಲು ತನ್ನ ಶಕ್ತಿಯನ್ನು ಗೋಡೆಗೇ ಕೊಡುತ್ತದೆ.

ಟ್ರಕ್ಕಿನ ಎರಡು ಕನ್ನಡಿಗಳ ಮೇಲೆ ಎರಡು ಆಂಟೆನಾ ನೆಡುವ ವಾಡಿಕೆಯನ್ನು ಬರೀ ಶೋಕಿ ಎನ್ನುವವರಿದ್ದಾರೆ. ಅರ್ಧ ನಿಜ. ಎರಡು ಕೋಲುಗಳ ನಡುವೆ ಕಾಲುತರಂಗದಷ್ಟು ಅಂತರವಿದ್ದಾಗ ಹಿಂದೆ ಮುಂದೆ ಸ್ವಲ್ಪ ಹೆಚ್ಚು, ಪಕ್ಕಗಳಿಗೆ ಸ್ವಲ್ಪ ಕಡಿಮೆ ತರಂಗ ಹೋಗುತ್ತದೆ. ಹೆದ್ದಾರಿಯಲ್ಲಿ ಬೇಕಾದದ್ದೂ ಅದೇ. 2.6 ಮೀಟರ್ ಅಗಲದ ಟ್ರಕ್ಕಿಗೆ ಆ ಅಂತರ ಹೆಚ್ಚೂಕಡಿಮೆ ಹೊಂದುತ್ತದೆ. ಲಾಭ ದೊಡ್ಡದಲ್ಲ, ಆದರೆ ಒಂದೇ ಬದಿಯ ಕೋಲಿಗೆ ಕ್ಯಾಬಿನ್ನೂ ಟ್ರೇಲರೂ ಅಡ್ಡ ನಿಂತು ಇನ್ನೊಂದು ಬದಿ ಕುರುಡಾಗುವುದು ಇದರಿಂದ ತಪ್ಪುತ್ತದೆ. ಇದಕ್ಕೆ ಬಳಸುವ ಜೋಡಿ ಕೇಬಲ್ 75 ಓಮ್‌ನದು, ಪ್ರತಿ ಕವಲೂ ಸಾಮಾನ್ಯವಾಗಿ 18 ಅಡಿ ಇರುತ್ತದೆ. ಆ ಉದ್ದ ಸುಮ್ಮನೆ ಬಂದದ್ದಲ್ಲ. ಕೇಬಲ್ಲಿನೊಳಗೆ ತರಂಗ ಬೆಳಕಿನ ವೇಗದ ಮೂರನೇ ಎರಡು ಭಾಗದಲ್ಲಿ ಹೋಗುವುದರಿಂದ 18 ಅಡಿ ಸರಿಯಾಗಿ ಮುಕ್ಕಾಲು ತರಂಗವಾಗುತ್ತದೆ, ಆ ಉದ್ದದಲ್ಲಿ 50 ಓಮ್‌ನ ಆಂಟೆನಾ ಇನ್ನೊಂದು ತುದಿಗೆ 112 ಓಮ್ ಆಗಿ ಕಾಣುತ್ತದೆ. ಅಂಥ ಎರಡು ಕೂಡಿದಾಗ ರೇಡಿಯೊಗೆ ಬೇಕಾದ 50ರ ಹತ್ತಿರಕ್ಕೆ, 56ಕ್ಕೆ ಬರುತ್ತದೆ. ಹೆಚ್ಚಾಯಿತೆಂದು ಈ ಕೇಬಲ್ ಕತ್ತರಿಸಿದರೆ ಲೆಕ್ಕವೆಲ್ಲ ಕೆಡುತ್ತದೆ.

ಇಷ್ಟೆಲ್ಲ ಪಡಿಪಾಟಲು ಏಕೆ, ಆಂಪ್ಲಿಫೈಯರ್ ಹಾಕಿದರಾಯಿತು ಎಂಬ ವಾದ ಹೆದ್ದಾರಿಯಲ್ಲಿ ಬಲವಾಗಿದೆ. ಎಫ್‌ಸಿಸಿ ನಿಯಮ ಅದನ್ನು ನಿಷೇಧಿಸುತ್ತದೆ ಎಂಬುದು ಒಂದು ಮಾತು. ಅದನ್ನು ಬಿಟ್ಟರೂ ಲೆಕ್ಕ ಕೂಡಿಬರುವುದಿಲ್ಲ. ಕೇಳುವವರ ಮೀಟರಿನ ಮುಳ್ಳು ಒಂದು ಗೆರೆ ಮೇಲೇರಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. ಅದೂ ಕಳಿಸುವಾಗ ಮಾತ್ರ. ಬರುವ ದನಿಗೆ ಆಂಪ್ಲಿಫೈಯರಿನಿಂದ ಏನೂ ಆಗದು. ಗ್ರೌಂಡ್ ಸರಿಪಡಿಸಿದರೆ ಹೋಗುವುದೂ ಬರುವುದೂ ಎರಡೂ ಸುಧಾರಿಸುತ್ತವೆ. ಗ್ರೌಂಡ್ ಬೇಡದ ಆಂಟೆನಾಗಳು ಸಿಗುತ್ತವಲ್ಲ ಎಂಬ ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ. ದೋಣಿಗಳಿಗೆ, ಫೈಬರ್‌ಗ್ಲಾಸ್ ಮೈಯ ಗಾಡಿಗಳಿಗೆಂದು ಮಾಡಿದ ಈ ಆಂಟೆನಾಗಳಲ್ಲಿ ಕೇಬಲ್ಲಿನ ಹೊರಜಾಲರಿಯೇ ಆಂಟೆನಾದ ಇನ್ನೊಂದು ಅರ್ಧವಾಗುತ್ತದೆ. ಪ್ಲಾಸ್ಟಿಕ್ ಬಾನೆಟ್ಟಿನ ಮೇಲಲ್ಲದೆ ಬೇರೆಲ್ಲೂ ಜಾಗವೇ ಇಲ್ಲದ ಟ್ರಕ್ಕಿಗೆ ಅದೇ ಸರಿಯಾದ ಆಯ್ಕೆ, ಒಪ್ಪುತ್ತೇನೆ. ಆದರೆ ಆ ಕೇಬಲ್ ಮತ್ತು ಕೋಲು ಒಂದು ಜೋಡಿ. ಕೇಬಲ್ ಕತ್ತರಿಸುವಂತಿಲ್ಲ, ಬೇರೆಯದಕ್ಕೆ ಬದಲಿಸುವಂತಿಲ್ಲ. ಲೋಹ ಸಿಗುವ ಕಡೆ ಒಳ್ಳೆಯ ಗ್ರೌಂಡಿನ ಆಂಟೆನಾ ಅದಕ್ಕಿಂತ ಮೇಲು.

ಮೊಬೈಲ್ ಇರುವಾಗ ಸಿಬಿಯೇ ಯಾಕೆ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಸಿಬಿ ಬಳಕೆ ಇಳಿದಿರುವುದು ನಿಜ, ದಾರಿ ತೋರುವ ಕೆಲಸವನ್ನು ಫೋನು ಎಷ್ಟೋ ಚೆನ್ನಾಗಿ ಮಾಡುತ್ತದೆ. ಆದರೆ ಮುಂದೆ ಹೋಗುತ್ತಿರುವ ಅಪರಿಚಿತ ಟ್ರಕ್ಕಿನ ಚಕ್ರದಿಂದ ಹೊಗೆ ಬರುತ್ತಿದ್ದರೆ ಫೋನಿನಲ್ಲಿ ಯಾರಿಗೆ ಹೇಳುವುದು? ನಂಬರ್ ಗೊತ್ತಿಲ್ಲದ ಮನುಷ್ಯನನ್ನು ಸಿಬಿಯಲ್ಲಿ ಮಾತ್ರ ಕರೆಯಬಹುದು. ವಯೋಮಿಂಗ್ ರಾಜ್ಯದ ಐ-80 ಹೆದ್ದಾರಿಯಲ್ಲಿ ಚಳಿಗಾಲದ ಹಿಮಗಾಳಿಗೆ ದಾರಿ ಕಾಣದಾದಾಗ, ಮುಂದೆ ಗಾಡಿಗಳು ಒಂದಕ್ಕೊಂದು ಗುದ್ದಿಕೊಂಡಿವೆ ಎಂಬ ಸುದ್ದಿ ಹಿಂದಿನವರಿಗೆ ತಲುಪಬೇಕಾದದ್ದು ಆ ಕ್ಷಣದಲ್ಲೇ, ಅಲ್ಲಿರುವ ಎಲ್ಲರಿಗೂ ಒಟ್ಟಿಗೇ. 2012ರ ಜನವರಿಯಿಂದ ವಾಣಿಜ್ಯ ವಾಹನದ ಚಾಲಕರು ಓಡಿಸುವಾಗ ಫೋನು ಕೈಯಲ್ಲಿ ಹಿಡಿಯುವಂತಿಲ್ಲ. ಆ ನಿಷೇಧ ಸಿಬಿಗೆ ಅನ್ವಯಿಸುವುದಿಲ್ಲ. ಹಾಗಿದ್ದರೆ ಆಸ್ಟ್ರೇಲಿಯಾದವರಂತೆ 477 ಮೆಗಾಹರ್ಟ್ಸ್‌ಗೆ ಹೋಗಬಹುದಲ್ಲ, ಅಲ್ಲಿ ಕಾಲುತರಂಗದ ಕೋಲು 16 ಸೆಂಟಿಮೀಟರ್ ಸಾಕು ಎಂದು ತಿಳಿದವರು ಕೇಳುತ್ತಾರೆ. ತಾಂತ್ರಿಕವಾಗಿ ಅದು ಒಳ್ಳೆಯ ದಾರಿಯೇ. ಆದರೆ ಅಮೆರಿಕದಲ್ಲಿ ಅದಕ್ಕೆ ಹತ್ತಿರದ ಜಿಎಂಆರ್‌ಎಸ್ ಸೇವೆಗೆ ಲೈಸೆನ್ಸ್ ಬೇಕು, ಟ್ರಕ್ಕಿನವರೆಲ್ಲ ಕೂಡುವ ಒಂದು ಚಾನೆಲ್ ಅಲ್ಲಿ ಬೆಳೆದಿಲ್ಲ. ಎಲ್ಲರೂ ಇರುವ ಕಡೆಯಲ್ಲೇ ಎಚ್ಚರಿಕೆಯ ಮಾತಿಗೆ ಬೆಲೆ. ಸದ್ಯಕ್ಕೆ ಎಲ್ಲರೂ ಇರುವುದು 19ನೇ ಚಾನೆಲ್ಲಿನಲ್ಲಿ.

ಉಳಿಯುವುದು ಟ್ರಕ್ ತನ್ನದಲ್ಲದ ಡ್ರೈವರ್‌ನ ಕಷ್ಟ. ಕಂಪನಿಯ ಗಾಡಿಗೆ ಅವನು ರಂಧ್ರ ಕೊರೆಯುವಂತಿಲ್ಲ, ಬಣ್ಣ ಕೆರೆಯುವಂತಿಲ್ಲ. ಕಾರ್ಖಾನೆಯಿಂದಲೇ ಸಿಬಿಗೆಂದು ವೈರು ಎಳೆದ ಟ್ರಕ್‌ಗಳು ಬರುತ್ತವೆ, ಆದರೆ ಹಲವು ಕಡೆ ಎಫ್‌ಎಂಗೂ ಸಿಬಿಗೂ ಒಂದೇ ಆಂಟೆನಾ ಹಂಚಿಕೊಡುವ ಪೆಟ್ಟಿಗೆ ನಡುವೆ ಕೂತಿರುತ್ತದೆ. ಇದ್ದ ಅಲ್ಪ ಶಕ್ತಿಯಲ್ಲಿ ಅದೂ ಪಾಲು ತೆಗೆಯುತ್ತದೆ. ಸಾವಿರಾರು ಡಾಲರಿನ ಕ್ಯಾಮೆರಾ, ರೇಡಾರ್‌ಗಳಿಗೆ ಬಂಪರಿನಲ್ಲಿ ಜಾಗ ಮಾಡಿಕೊಡಬಲ್ಲ ಎಂಜಿನಿಯರ್‌ಗಳಿಗೆ ಒಂದು ಆಂಟೆನಾಕ್ಕೆ ಜಾಗ ಮಾಡುವುದು ಅಸಾಧ್ಯವೇನಲ್ಲ. ಕ್ಯಾಬಿನ್ನಿನ ಎರಡು ಪಕ್ಕಗಳಲ್ಲಿ ಬಣ್ಣ ಬಳಿಯದ, ಚಾಸಿಗೆ ಅಗಲ ಪಟ್ಟಿಯಿಂದ ಕಟ್ಟಿದ ಅಂಗೈಯಗಲದ ಲೋಹದ ಫಲಕ, ಅಲ್ಲಿಂದ ಡ್ಯಾಶ್‌ಬೋರ್ಡಿಗೆ ನೇರ ಕೇಬಲ್: ಪ್ರತಿ ಹೊಸ ಟ್ರಕ್ಕಿನಲ್ಲೂ ಇಷ್ಟನ್ನು ತಯಾರಕರು ಕೊಡಲೇಬೇಕು. ಅಲ್ಲಿಯವರೆಗೆ ಅಮೆರಿಕದಲ್ಲೋ ಕೆನಡಾದಲ್ಲೋ ಟ್ರಕ್ ಓಡಿಸುವ ನಂಟರು ಯಾರಾದರೂ ನಿಮಗಿದ್ದು, ಸಿಬಿ ಕೇಳಿಸುತ್ತಿಲ್ಲ, ಹೊಸ ಸೆಟ್ಟು ಕೊಳ್ಳಬೇಕು ಎಂದರೆ, ಮೊದಲು ಒಂದು ಮಲ್ಟಿಮೀಟರ್ ಹಿಡಿದು ಬ್ರಾಕೆಟ್ಟಿನ ಬುಡ ನೋಡಲು ಹೇಳಿ.